ಓದುಗರ ಪ್ರಶ್ನೆ, ನಮ್ಮ ಉತ್ತರ: ಮಕ್ಕಳ ಜೊತೆ ಆಸ್ಟ್ರೇಲಿಯಾದ ಒಳನಾಡಿಗೆ

ಈ ಸಲ ಆರಿಸಿಕೊಂಡ ಪತ್ರಗಳೆಲ್ಲ ಒಂದೇ ವಿಷಯದವು: ಆಸ್ಟ್ರೇಲಿಯಾದ ನಡುನಾಡಿನಲ್ಲಿ ಮಕ್ಕಳನ್ನು ಕರೆದುಕೊಂಡು ಗಾಡಿಯಲ್ಲಿ ತಿರುಗುವುದು, ಟೆಂಟ್ ಹಾಕಿ ಉಳಿಯುವುದು.

ಪ್ರಶ್ನೆ: ಮಕ್ಕಳಿಗೆ 5 ಮತ್ತು 9 ವರ್ಷ. ಬೇಸಿಗೆ ರಜೆಯಲ್ಲಿ ಅಡಿಲೇಡ್‌ನಿಂದ ಉಲುರು ಬಂಡೆ ನೋಡಿಕೊಂಡು ಆಲಿಸ್ ಸ್ಪ್ರಿಂಗ್ಸ್ ತಲುಪಿ, ಅಲ್ಲೇ ಗಾಡಿ ಒಪ್ಪಿಸಿ ವಿಮಾನ ಹತ್ತುವ ಯೋಚನೆ. ಒಂದು ವಾರ ಸಾಕೇ? ಏಪ್ರಿಲ್-ಮೇ ಅಲ್ಲಿ ಬಿಸಿಲು ಹೇಗೆ?
– ಕಲಬುರಗಿಯ ದಂಪತಿ

ಉತ್ತರ: ತಿಂಗಳು ಸರಿಯಾಗಿದೆ, ವಾರ ಸಾಲದು. ನಮ್ಮಲ್ಲಿ ಪಾರಾ 42 ದಾಟುವ ಹೊತ್ತಿಗೆ ಅಲ್ಲಿ ಶರತ್ಕಾಲ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಏಪ್ರಿಲ್‌ನ ಹಗಲು ಸರಾಸರಿ 28 ಡಿಗ್ರಿ, ಮೇ ತಿಂಗಳಲ್ಲಿ 23. ರಾತ್ರಿ ಮಾತ್ರ ಮೇ ತಿಂಗಳಲ್ಲಿ 8ರ ಆಸುಪಾಸಿಗೆ ಇಳಿಯುತ್ತದೆ. ನಮ್ಮ ಬೇಸಿಗೆ ರಜೆಗೂ ಆ ಹವೆಗೂ ಇಷ್ಟು ಚೆನ್ನಾಗಿ ಕೂಡಿಬರುವುದು ನಿಜಕ್ಕೂ ಪುಣ್ಯ. ದಸರಾ ರಜೆಗೆ ಹೋದರೆ ಬಿಸಿಲು ಏರತೊಡಗಿರುತ್ತದೆ, ನೊಣಗಳೂ ಹೆಚ್ಚು. ಡಿಸೆಂಬರ್-ಜನವರಿಯ ಮಾತೇ ಬೇಡ.

ಇನ್ನು ದೂರ. ಅಡಿಲೇಡ್‌ನಿಂದ ಆಲಿಸ್ ಸ್ಪ್ರಿಂಗ್ಸ್ ನೇರ ದಾರಿಯಲ್ಲೇ ಸುಮಾರು 1,530 ಕಿ.ಮೀ. ಉಲುರು, ಕಿಂಗ್ಸ್ ಕ್ಯಾನ್ಯನ್ ಎಂಬ ಕಮರಿ ಸೇರಿಸಿದರೆ 2,350ರ ಹತ್ತಿರ. ರಸ್ತೆ ಪೂರ್ತಿ ಡಾಂಬರು, ನೇರ, ಖಾಲಿ. ಆದ್ದರಿಂದ ದಿನಕ್ಕೆ 700 ಕಿ.ಮೀ ಓಡಿಸಬಹುದು ಅಂತ ದೊಡ್ಡವರಿಗೆ ಅನಿಸುತ್ತದೆ. ಐದು ವರ್ಷದ ಮಗು ನಾಲ್ಕು ಗಂಟೆಯ ಮೇಲೆ ಸೀಟಿನಲ್ಲಿ ಕೂರುವುದಿಲ್ಲ. ಅದೂ ಅಲ್ಲದೆ, ಕತ್ತಲಾಗುವ ಎರಡು ಗಂಟೆ ಮೊದಲೇ ತಂಗುವ ಜಾಗ ಸೇರಬೇಕು: ಟೆಂಟ್ ಹಾಕಲು ಒಂದು ಗಂಟೆ, ಅಡುಗೆಗೆ ಒಂದು ಗಂಟೆ. ಇದನ್ನು ಲೆಕ್ಕಕ್ಕೆ ಹಿಡಿದರೆ ದಿನಕ್ಕೆ 300-400 ಕಿ.ಮೀ ಮಿತಿ. ನಾವು ಹೀಗೆ ಹಂಚುತ್ತೇವೆ:

ಮೊದಲ ದಿನ ಅಡಿಲೇಡ್‌ನಲ್ಲೇ ಇದ್ದು ಸಾಮಾನು ಖರೀದಿ. ಎರಡನೇ ದಿನ ಪೋರ್ಟ್ ಅಗಸ್ಟಾ, 310 ಕಿ.ಮೀ. ಮೂರನೇ ದಿನ ಬೇಕೆಂದೇ ಸಣ್ಣದು: ವೂಮೆರಾ, 180 ಕಿ.ಮೀ. ಅಲ್ಲಿ ಬಯಲಲ್ಲಿ ನಿಲ್ಲಿಸಿಟ್ಟ ಹಳೆಯ ರಾಕೆಟ್‌ಗಳಿವೆ, ಮಕ್ಕಳ ಸಂಜೆ ಕಳೆಯುತ್ತದೆ. ನಾಲ್ಕನೇ ದಿನ ಕೂಬರ್ ಪೀಡಿ, 370 ಕಿ.ಮೀ. 1915ರಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಓಪಲ್ ರತ್ನ ಸಿಕ್ಕಿದ್ದರಿಂದ ಹುಟ್ಟಿದ ಊರು ಅದು. ಸೆಕೆಗೆ ಅಂಜಿ ಜನ ನೆಲದೊಳಗೇ ಮನೆ ಕೊರೆದುಕೊಂಡಿದ್ದಾರೆ. ಒಂದು ದಿನ ನಿಲ್ಲಿ. ಆದರೆ ಊರಾಚೆ ಬೇಲಿಯಿಲ್ಲದ, ಬಾಯಿ ತೆರೆದ ಗಣಿಗುಂಡಿಗಳು ಸಾವಿರಾರು. ಅಲ್ಲಿ ಮಕ್ಕಳ ಕೈ ಬಿಡಬಾರದು, ಫೋಟೋಕ್ಕಾಗಿ ಹಿಂದಕ್ಕೆ ಹೆಜ್ಜೆ ಇಡಲೂಬಾರದು. ಆರನೇ ದಿನ ಕುಲ್ಗೇರಾ (415, ಇಡೀ ಪ್ರವಾಸದಲ್ಲಿ ಇದೇ ಉದ್ದದ ದಿನ), ಏಳನೇ ದಿನ ಉಲುರು ಪಕ್ಕದ, ಪ್ರವಾಸಿಗರು ತಂಗುವ ಊರು ಯುಲಾರಾ (320). ಯುಲಾರಾದಲ್ಲಿ ಮೂರು ರಾತ್ರಿ. ಹತ್ತನೇ ದಿನ ಕಿಂಗ್ಸ್ ಕ್ಯಾನ್ಯನ್ (300), ಅಲ್ಲಿ ಎರಡು ರಾತ್ರಿ. ಅಲ್ಲಿಂದ ಎರ್ಲ್‌ಡಂಡಾ, ಮರುದಿನ ಆಲಿಸ್ ಸ್ಪ್ರಿಂಗ್ಸ್. ಒಟ್ಟು 13 ದಿನ, ಮೇಲೆ ಒಂದು ದಿನ ಕೈಯಲ್ಲಿರಲಿ.

ಅಷ್ಟು ರಜೆ ಇಲ್ಲದಿದ್ದರೆ ಅವಸರದಲ್ಲಿ ಓಡಿಸಬೇಡಿ. ಆಲಿಸ್ ಸ್ಪ್ರಿಂಗ್ಸ್‌ಗೆ ವಿಮಾನದಲ್ಲಿ ಹೋಗಿ ಉಲುರು, ಕಿಂಗ್ಸ್ ಕ್ಯಾನ್ಯನ್ ಮಾತ್ರ ಸುತ್ತಿ. ಏಪ್ರಿಲ್‌ನಲ್ಲಿ ಅಲ್ಲಿನ ಶಾಲೆಗಳಿಗೂ ರಜೆ. ಯುಲಾರಾದ ಕ್ಯಾಂಪಿಂಗ್ ಜಾಗ ತಿಂಗಳುಗಟ್ಟಲೆ ಮೊದಲೇ ಕಾಯ್ದಿರಿಸಿ. ಉಲುರು ರಾಷ್ಟ್ರೀಯ ಉದ್ಯಾನದ ಒಳಗೆ ಟೆಂಟ್ ಹಾಕಲು ಬಿಡುವುದಿಲ್ಲ.

ಪ್ರಶ್ನೆ: ಮಗಳಿಗೆ ಮೂರು ವರ್ಷ, ಮಗನಿಗೆ ಆರು. ಮಲಗುವ ವ್ಯವಸ್ಥೆಯಿರುವ ಕ್ಯಾಂಪರ್‌ವ್ಯಾನ್ ಒಳ್ಳೆಯದೋ, ಕಾರು-ಟೆಂಟ್ ಒಳ್ಳೆಯದೋ? ಇಲ್ಲಿನ ಮಗುವಿನ ಸೀಟನ್ನೇ ಒಯ್ಯಬಹುದೇ?
– ಬೀದರ್‌ನ ಓದುಗರು

ಉತ್ತರ: ಇಲ್ಲಿನ ಸೀಟು ಅಲ್ಲಿ ನಡೆಯುವುದಿಲ್ಲ. ಎಎಸ್/ಎನ್‌ಝಡ್‌ಎಸ್ 1754 ಎಂಬ ಅಲ್ಲಿನ ಮಾನದಂಡದ ಗುರುತು ಇರುವ ಸೀಟೇ ಬೇಕು. ಗಾಡಿ ಕೊಡುವವರಲ್ಲೇ ಬಾಡಿಗೆಗೆ ಸಿಗುತ್ತದೆ. ಬುಕ್ ಮಾಡುವಾಗಲೇ ಮಗುವಿನ ವಯಸ್ಸು, ತೂಕ ಹೇಳಿ ಬರೆಸಿಕೊಳ್ಳಿ. ಮಗಳಿಗೆ, ಅಂದರೆ ನಾಲ್ಕು ತುಂಬುವವರೆಗೆ, ಮೈಗೆ ಪಟ್ಟಿ ಬಿಗಿಯುವ ಸೀಟು ಕಡ್ಡಾಯ, ಹಿಂದಿನ ಸಾಲಿರುವ ಗಾಡಿಯಲ್ಲಿ ಮುಂದೆ ಕೂರಿಸುವಂತಿಲ್ಲ. ಮಗನಿಗೆ, ಏಳು ತುಂಬುವವರೆಗೆ, ಅಂಥದೇ ಸೀಟು ಅಥವಾ ಬೂಸ್ಟರ್ (ಮಗುವನ್ನು ಎತ್ತರಿಸಿ ಕೂರಿಸುವ ಸೀಟು). ತೊಡೆಯ ಮೇಲೆ ಕೂರಿಸಿಕೊಳ್ಳುವ ನಮ್ಮ ರೂಢಿಗೆ ಅಲ್ಲಿ ಐದು ನಿಮಿಷದ ಮಟ್ಟಿಗೂ ಜಾಗವಿಲ್ಲ.

ಜನ ಎಡವುವುದು ಕ್ಯಾಂಪರ್‌ವ್ಯಾನ್ ಆರಿಸುವಾಗ. ಮಗುವಿನ ಸೀಟಿನ ನೆತ್ತಿಯಿಂದ ಒಂದು ಪಟ್ಟಿ ಹಿಂದಕ್ಕೆ ಹೋಗಿ ಗಾಡಿಯ ಕೊಕ್ಕೆಗೆ ಸಿಕ್ಕಬೇಕು. ಆ ಕೊಕ್ಕೆ ಇಲ್ಲದಿದ್ದರೆ ಡಿಕ್ಕಿಯಾದಾಗ ಸೀಟು ಮುಂದಕ್ಕೆ ಮಗುಚಿಕೊಂಡು ಮಗುವಿನ ತಲೆ ಎದುರಿಗೆ ಬಡಿಯುತ್ತದೆ. ನಾಲ್ವರು ಮಲಗಬಹುದಾದ ವ್ಯಾನಿನಲ್ಲೂ ಇಂಥ ಕೊಕ್ಕೆ ಎರಡೇ ಇರಬಹುದು, ಕೆಲವದರಲ್ಲಿ ಒಂದೂ ಇರುವುದಿಲ್ಲ. ‘ನಾಲ್ವರು ಮಲಗಬಹುದೇ’ ಎಂದು ಕೇಳಬೇಡಿ. ‘ಮೂರು ವರ್ಷದ ಮಗುವಿಗೂ ಆರು ವರ್ಷದ ಮಗುವಿಗೂ ಸೀಟು ಬಿಗಿಯುವ ಕೊಕ್ಕೆ ಎಷ್ಟು, ಯಾವ ಸಾಲಿನಲ್ಲಿ’ ಎಂದು ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ.

ನಿಮ್ಮ ಮಕ್ಕಳ ವಯಸ್ಸಿಗೆ ನಮ್ಮ ಒಲವು ದೊಡ್ಡ ಕಾರು ಮತ್ತು ಟೆಂಟಿನ ಕಡೆ. ಕಾರಿನ ಹಿಂದಿನ ಸಾಲಿನಲ್ಲಿ ಸೀಟು ಭದ್ರವಾಗಿ ಕೂರುತ್ತದೆ, ಮಕ್ಕಳು ನಿಮ್ಮ ಕೈಗೆಟಕುವಷ್ಟು ಹತ್ತಿರ ಇರುತ್ತಾರೆ, ಡೀಸೆಲ್ ಖರ್ಚೂ ಕಡಿಮೆ. ಟೆಂಟಿನ ಗೂಟ ಮಾತ್ರ ಉಕ್ಕಿನದೇ ಇರಲಿ, ಜೊತೆಗೊಂದು ಸುತ್ತಿಗೆ. ಅಲ್ಲಿನ ಕೆಂಪು ನೆಲ ಒಣಗಿದಾಗ ನಮ್ಮ ಜಂಬಿಟ್ಟಿಗೆಯಷ್ಟೇ ಗಟ್ಟಿ. ಟೆಂಟಿನ ಜೊತೆ ಬರುವ ಪ್ಲಾಸ್ಟಿಕ್ ಗೂಟ ಮೊದಲ ರಾತ್ರಿಯೇ ಮುರಿಯುತ್ತವೆ. ಹೋಗುವ ಮುಂಚೆ ಮನೆಯ ಮಾಳಿಗೆ ಮೇಲೆ ಮಕ್ಕಳನ್ನು ಎರಡು ರಾತ್ರಿ ಟೆಂಟಿನಲ್ಲಿ ಮಲಗಿಸಿ ರೂಢಿ ಮಾಡಿಸಿ.

ಪ್ರಶ್ನೆ: ನೀರು, ಡೀಸೆಲ್ ಎಷ್ಟು ಇಟ್ಟುಕೊಳ್ಳಬೇಕು? ನಾವು ಯಾದಗಿರಿಯವರು, ಬಿಸಿಲು ನಮಗೆ ಹೊಸದಲ್ಲ.
– ಯಾದಗಿರಿಯ ಓದುಗರು

ಉತ್ತರ: ಬಿಸಿಲು ನಿಮಗೆ ಹೊಸದಲ್ಲ, ನಿಜ. ಹೊಸದಾಗಿರುವುದು ಆ ಬಿಸಿಲಿನ ಸುತ್ತ ಏನೂ ಇಲ್ಲದಿರುವುದು. ನಮ್ಮಲ್ಲಿ ಗಾಡಿ ಕೆಟ್ಟು ನಿಂತರೆ ಹತ್ತು ನಿಮಿಷದಲ್ಲಿ ಯಾರೋ ಬಂದು ‘ಏನಾತ್ರಿ?’ ಅನ್ನುತ್ತಾರೆ, ಕಣ್ಣಳತೆಯಲ್ಲಿ ಒಂದು ಬೇವಿನ ಮರವೋ ಬೋರ್‌ವೆಲ್ಲೋ ಇರುತ್ತದೆ. ಅಲ್ಲಿ ಗ್ಲೆಂಡಾಂಬೋದಿಂದ ಕೂಬರ್ ಪೀಡಿಗೆ ಸುಮಾರು 250 ಕಿ.ಮೀ. ಕಲಬುರಗಿಯಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಒಂದೂ ಊರಿಲ್ಲ, ಬಂಕಿಲ್ಲ, ಚಹಾದಂಗಡಿಯಿಲ್ಲ ಅಂತ ಊಹಿಸಿಕೊಳ್ಳಿ. ಆ ದೂರ ಅದಕ್ಕಿಂತಲೂ ತುಸು ಹೆಚ್ಚು.

ನೀರಿನ ಲೆಕ್ಕ: ಕುಡಿಯಲು ಒಬ್ಬರಿಗೆ ದಿನಕ್ಕೆ 5 ಲೀಟರ್. ನಾಲ್ವರಿಗೆ 20. ಮೂರು ದಿನ ಸಿಕ್ಕಿಬಿದ್ದರೂ ಸಾಕಾಗಬೇಕು, ಅಂದರೆ 60 ಲೀಟರ್ ಯಾವಾಗಲೂ ಗಾಡಿಯಲ್ಲಿರಬೇಕು. ಅಡುಗೆ, ಪಾತ್ರೆಗೆ ಬೇರೆ 20. ಒಂದೇ ದೊಡ್ಡ ಡ್ರಮ್ ಬೇಡ. ಸೋರಿದರೆ ಎಲ್ಲವೂ ಹೋಯಿತು. 10 ಲೀಟರಿನ ಕ್ಯಾನ್‌ಗಳೇ ವಾಸಿ, ಮಕ್ಕಳಿಗೂ ಬಗ್ಗಿಸಲು ಬರುತ್ತವೆ. ರೋಡ್‌ಹೌಸ್‌ಗಳ (ಹೆದ್ದಾರಿ ಬದಿಯಲ್ಲಿ ಇಂಧನ, ಊಟ ಸಿಗುವ ತಾಣ) ನಲ್ಲಿಯಲ್ಲಿ ಹಲವು ಕಡೆ ಉಪ್ಪು ಬೋರ್ ನೀರು ಬರುತ್ತದೆ. ಕುಡಿಯಬಹುದೇ ಎಂದು ಕೇಳದೆ ತುಂಬಿಸಿಕೊಳ್ಳಬೇಡಿ.

ಡೀಸೆಲ್: ಸಾಮಾನು ತುಂಬಿದ ದೊಡ್ಡ ಗಾಡಿ 100 ಕಿ.ಮೀಗೆ 12-13 ಲೀಟರ್ ಕುಡಿಯುತ್ತದೆ. ಛಾವಣಿಯ ಮೇಲೆ ಹೊರೆ, ಎದುರುಗಾಳಿ ಎರಡೂ ಸೇರಿದರೆ ಇನ್ನೂ ಕಾಲು ಭಾಗ ಹೆಚ್ಚು. ನಿಯಮ ಒಂದೇ: ರೋಡ್‌ಹೌಸ್ ಕಂಡಲ್ಲಿ, ಟ್ಯಾಂಕ್ ಅರ್ಧಕ್ಕಿಂತ ಹೆಚ್ಚಿದ್ದರೂ, ತುಂಬಿಸಿ. ದರ ಜಾಸ್ತಿಯೆಂದು ಮುಂದಿನ ಬಂಕಿಗೆ ಕಾಯಬೇಡಿ. ಪೆಟ್ರೋಲ್ ಗಾಡಿಯಾದರೆ ನಡುನಾಡಿನ ಬಂಕ್‌ಗಳಲ್ಲಿ ಲೋ ಅರೋಮ್ಯಾಟಿಕ್ ಎಂಬ ಇಂಧನ ಕಾಣುತ್ತೀರಿ (ಓಪಲ್ ಎಂಬ ಹೆಸರಿನಿಂದ ಪರಿಚಿತವಾದದ್ದು). ಪೆಟ್ರೋಲ್ ಮೂಸುವ ಚಟ ತಡೆಯಲು ತಯಾರಿಸಿದ್ದು. ಮಾಮೂಲಿ 91 ಆಕ್ಟೇನ್ ಹಾಕುವ ಗಾಡಿಗೆ ಅದರಿಂದ ತೊಂದರೆಯಿಲ್ಲ.

ಇನ್ನು, ಎಲ್ಲಕ್ಕಿಂತ ಮುಖ್ಯವಾದದ್ದು. ಗಾಡಿ ಕೆಟ್ಟರೆ ಗಾಡಿ ಬಿಟ್ಟು ನಡೆಯಬೇಡಿ. ಒಳನಾಡಿನಲ್ಲಿ ಜೀವ ಕಳೆದುಕೊಂಡವರಲ್ಲಿ ಹಲವರು ನೀರು ಹುಡುಕಿಕೊಂಡು, ಸಹಾಯ ಹುಡುಕಿಕೊಂಡು ನಡೆದವರು. ವಿಮಾನದಿಂದ ನೋಡುವವರಿಗೆ ಗಾಡಿ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಬಾನೆಟ್ ಎತ್ತಿಡಿ, ಗಾಡಿಯ ನೆರಳಲ್ಲಿ ಕುಳಿತುಕೊಳ್ಳಿ, ಕಾಯಿರಿ. ಪ್ರತಿ ಬೆಳಗ್ಗೆ ಹೊರಡುವಾಗ ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆಗೆ ಮುಟ್ಟುತ್ತೇವೆ ಎಂದು ಒಬ್ಬರಿಗಾದರೂ ಸಂದೇಶ ಕಳಿಸಿ. ಊರಲ್ಲಿರುವ ಅಣ್ಣನಾದರೂ ಸರಿ; ಅಲ್ಲಿ ಸಂಜೆ ಆರಾದಾಗ ಇಲ್ಲಿ ಮಧ್ಯಾಹ್ನ ಎರಡು.

ಓಆರ್‌ಎಸ್ ಪ್ಯಾಕೆಟ್ ಹತ್ತಾದರೂ ಇರಲಿ. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ. ಮಗು ಅಷ್ಟು ಕುಡಿಯುವುದಿಲ್ಲವೆಂದು ಒಂದು ಲೋಟಕ್ಕೇ ಇಡೀ ಪ್ಯಾಕೆಟ್ ಕಲಸಿದರೆ ಉಪ್ಪು ಹೆಚ್ಚಾಗಿ ಅಪಾಯ. ಮಗುವಿನ ಮೂತ್ರ ಕಡು ಹಳದಿಗೆ ತಿರುಗಿದರೆ ಅಲ್ಲೇ ನಿಲ್ಲಿಸಿ ನೀರು ಕುಡಿಸಿ.

ಪ್ರಶ್ನೆ: ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋದ್ರ ವಿಮಾನ ನಿಲ್ದಾಣದಾಗ ತಡೀತಾರೇನ್ರಿ? ಅಲ್ಲಿ ಒಲಿ ಹ್ಯಾಂಗ?
– ಸೇಡಂನ ಗೃಹಿಣಿ

ಉತ್ತರ: ತಿನ್ನುವ ಪದಾರ್ಥ ಏನೇ ಇರಲಿ, ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ‘ಹೌದು’ ಎಂದು ಗುರುತು ಹಾಕಿ. ಹೇಳಿದ ಮೇಲೆ ಅವರಿಗೆ ಬೇಡವಾದದ್ದನ್ನು ತೆಗೆದುಕೊಳ್ಳುತ್ತಾರೆ, ದಂಡವಿಲ್ಲ. ಮುಚ್ಚಿಟ್ಟು ಸಿಕ್ಕರೆ ಭಾರಿ ದಂಡ, ವೀಸಾ ರದ್ದಾಗಲೂಬಹುದು. ಚೆನ್ನಾಗಿ ಬೇಯಿಸಿ ಒಣಗಿಸಿದ ಕಟಕ ರೊಟ್ಟಿಯನ್ನು ಪಾರದರ್ಶಕ ಚೀಲದಲ್ಲಿ, ಬ್ಯಾಗಿನ ಮೇಲ್ಭಾಗದಲ್ಲೇ ಇಟ್ಟು ತೋರಿಸಿ. ಹಸಿ ಕರಿಬೇವು, ನಿಂಬೆ, ಹಸಿಮೆಣಸಿನಕಾಯಿ, ಮಾವಿನಹಣ್ಣು, ಬಿತ್ತುವ ಕಾಳು, ಪೇಡಾ-ಖವಾದಂಥ ಹಾಲಿನ ಸಿಹಿ ಒಯ್ಯಬೇಡಿ. ಜೋಳದ ಹಿಟ್ಟು, ಬೇಳೆ, ಮಸಾಲೆ ಎಲ್ಲ ಅಡಿಲೇಡ್‌ನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಹೊರಡುವ ದಿನದ ಖರೀದಿ ಅಲ್ಲೇ ಮುಗಿಸಿ. ಮುಂದೆ ರೋಡ್‌ಹೌಸ್‌ನಲ್ಲಿ ಬ್ರೆಡ್, ಆಲೂಗಡ್ಡೆ ಚಿಪ್ಸ್ ಬಿಟ್ಟು ನಿಮ್ಮ ಬಾಯಿಗೆ ಹಿಡಿಸುವುದು ಕಡಿಮೆ.

ಒಲೆ: ಉದ್ದನೆಯ ಡಬ್ಬಿ ಹಾಕುವ ಸಣ್ಣ ಗ್ಯಾಸ್ ಒಲೆ ಎಲ್ಲೆಡೆ ಸಿಗುತ್ತದೆ. ಆದರೆ ಆ ಡಬ್ಬಿಯಲ್ಲಿರುವುದು ಬ್ಯೂಟೇನ್. ಅದು ಅನಿಲವಾಗುವುದು ಸುಮಾರು ಸೊನ್ನೆ ಡಿಗ್ರಿಯ ಮೇಲೆ. ಚಳಿಯ ಬೆಳಗ್ಗೆ ಉರಿ ಮೇಲೇಳುವುದೇ ಇಲ್ಲ, ಚಹಾ ಕುದಿಯಲು ಅರ್ಧ ಗಂಟೆ ಬೇಕಾಗುತ್ತದೆ. ಪ್ರೊಪೇನ್ ಬೆರೆತ ಡಬ್ಬಿ, ಇಲ್ಲವೇ ಚಿಕ್ಕ ಎಲ್‌ಪಿಜಿ ಸಿಲಿಂಡರಿನ ಒಲೆ ಕೇಳಿ ತೆಗೆದುಕೊಳ್ಳಿ. ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಟೆಂಟಿನೊಳಗೆ ಒಲೆ ಹಚ್ಚಲೇಬೇಡಿ. ಬೆಂಕಿ ನಿಷೇಧ ಘೋಷಿಸಿದ ದಿನ ಗ್ಯಾಸ್ ಒಲೆಗೂ ನಿರ್ಬಂಧ ಇರಬಹುದು, ಆ ದಿನಕ್ಕೆಂದೇ ರೊಟ್ಟಿ-ಹಿಂಡಿ ಎತ್ತಿಡಿ.

ಪ್ರಶ್ನೆ: ಹಗಲು ಬಿಸಿಲು ತಪ್ಪಿಸಲು ರಾತ್ರಿ ಓಡಿಸಬಹುದೇ? ಲೈಸೆನ್ಸ್ ಏನು ಬೇಕು?
– ಹುಮನಾಬಾದಿನ ಚಾಲಕರು

ಉತ್ತರ: ಬೇಡ. ಮುಸ್ಸಂಜೆ, ರಾತ್ರಿ, ನಸುಕಿನಲ್ಲಿ ಕಾಂಗರೂಗಳು ರಸ್ತೆಗೆ ಬರುತ್ತವೆ, ಬೇಲಿಯಿಲ್ಲದ ಕಡೆ ದನಗಳೂ. ಊರ ಹೊರಗೆ ಕತ್ತಲಾದ ಮೇಲೆ ಓಡಿಸಿದರೆ ಹಲವು ಬಾಡಿಗೆ ಗಾಡಿಗಳ ವಿಮೆಯೇ ಅನ್ವಯಿಸುವುದಿಲ್ಲ; ಮಣ್ಣಿನ ರಸ್ತೆಗೂ ಅದೇ ಷರತ್ತು. ಪ್ರಾಣಿ ಅಡ್ಡ ಬಂದರೆ ಬ್ರೇಕ್ ಒತ್ತಿ, ಸ್ಟೀರಿಂಗ್ ತಿರುಗಿಸಬೇಡಿ. ತಿರುಗಿಸಿದಾಗಲೇ ಗಾಡಿ ಪಲ್ಟಿಯಾಗುವುದು.

ರೋಡ್ ಟ್ರೇನ್ ಎಂಬ ಲಾರಿಗಳು 53.5 ಮೀಟರ್‌ವರೆಗೂ ಉದ್ದ. ಅದು 100ರಲ್ಲಿ, ನೀವು 110ರಲ್ಲಿದ್ದರೆ ದಾಟಿ ಮುಗಿಸಲು ಅರ್ಧ ನಿಮಿಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ನೀವೇ ಒಂದು ಕಿಲೋಮೀಟರ್ ಮುಂದೆ ಹೋಗಿರುತ್ತೀರಿ, ಎದುರಿನ ಗಾಡಿ ಇನ್ನೊಂದು ಕಿಲೋಮೀಟರ್ ಹತ್ತಿರ ಬಂದಿರುತ್ತದೆ. ಎರಡು ಕಿಲೋಮೀಟರಿಗೂ ಹೆಚ್ಚು ದಾರಿ ಖಾಲಿ ಕಾಣದೆ ಎಡ ಬಿಟ್ಟು ಬರಬೇಡಿ. ನಮ್ಮ ಹಾಗೆಯೇ ಅಲ್ಲೂ ಎಡಬದಿಯ ಸಂಚಾರ, ಅದೊಂದು ಸಮಾಧಾನ.

ಇಂಗ್ಲಿಷಿನಲ್ಲಿರುವ ನಿಮ್ಮ ಲೈಸೆನ್ಸ್ ಕಾರ್ಡ್ ಪ್ರವಾಸಿಗರಿಗೆ ನಡೆಯುತ್ತದೆ. ಆದರೂ ಆರ್‌ಟಿಒ ಕಚೇರಿಯಿಂದ ಒಂದು ವರ್ಷದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ, ಬಾಡಿಗೆಯವರು ಕೇಳುವುದುಂಟು. ಅರ್ಜಿಗೆ ಪಾಸ್‌ಪೋರ್ಟ್, ವೀಸಾ ಬೇಕಾದ್ದರಿಂದ ವೀಸಾ ಕೈಗೆ ಬಂದ ಕೂಡಲೇ ಹೋಗಿ.

ಪ್ರಶ್ನೆ: ಉಲುರು ಹತ್ತಬಹುದೇ? ಫೋನ್ ಸಿಗುತ್ತದೆಯೇ? ಹಾವಿನ ಭಯ ಹೇಗೆ?
– ಬಸವಕಲ್ಯಾಣದಿಂದ ಒಬ್ಬ ತಂದೆ

ಉತ್ತರ: ಹತ್ತುವಂತಿಲ್ಲ. ಆ ಬಂಡೆ ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಪವಿತ್ರ. 2019ರ ಅಕ್ಟೋಬರ್ 26ರಿಂದ ಹತ್ತುವುದು ನಿಂತಿದೆ. ಬುಡದ ಸುತ್ತ ನಡೆಯಲು ದಾರಿಯಿದೆ, ಪೂರ್ತಿ ಸುತ್ತು 10 ಕಿ.ಮೀ ಮೀರುತ್ತದೆ. ಮಕ್ಕಳಿದ್ದರೆ ಬೆಳಗ್ಗೆ ಬೇಗ ಹೊರಟು ಒಂದು ಭಾಗ ಮಾತ್ರ ನಡೆಯಿರಿ. ಫೋಟೋ ತೆಗೆಯಬಾರದೆಂದು ಫಲಕ ಇರುವಲ್ಲಿ ತೆಗೆಯಬೇಡಿ. 18 ತುಂಬದವರಿಗೆ ಪ್ರವೇಶ ಶುಲ್ಕವಿಲ್ಲ.

ಫೋನಿಗೆ ಟೆಲ್‌ಸ್ಟ್ರಾ ಸಿಮ್ ಹಾಕಿಸಿ, ಒಳನಾಡಿನಲ್ಲಿ ಹೆಚ್ಚು ಸಿಗುವುದು ಅದೇ. ಊರು, ರೋಡ್‌ಹೌಸ್ ಬಿಟ್ಟರೆ ಅದೂ ಬಹಳ ಕಡೆ ಇಲ್ಲ. ಆದ್ದರಿಂದ ಉಪಗ್ರಹಕ್ಕೆ ಸಂಕೇತ ಕಳಿಸುವ ಬೀಕನ್ ಬಾಡಿಗೆಗೆ ತನ್ನಿ, ಜೀವಕ್ಕೆ ಅಪಾಯ ಎಂದಾಗ ಮಾತ್ರ ಒತ್ತಿ. ತುರ್ತು ಕರೆಗೆ 000.

ಹಾವು ಕಚ್ಚಿದರೆ ಅಲ್ಲಿನ ಕ್ರಮವೇ ಬೇರೆ: ಗಾಯ ತೊಳೆಯಬೇಡಿ, ಕೊಯ್ಯಬೇಡಿ. 10 ಸೆಂ.ಮೀ ಅಗಲದ, ಎಳೆದರೆ ಹಿಗ್ಗುವ ಬ್ಯಾಂಡೇಜನ್ನು ಕಚ್ಚಿದ ಜಾಗದ ಮೇಲೆ, ಆಮೇಲೆ ಬೆರಳಿನ ಕಡೆಯಿಂದ ಮೇಲಕ್ಕೆ ಇಡೀ ಕೈ ಅಥವಾ ಕಾಲಿಗೆ, ಉಳುಕಿಗೆ ಕಟ್ಟುವಷ್ಟು ಬಿಗಿಯಾಗಿ ಸುತ್ತಿ. ಕೋಲು ಕಟ್ಟಿ ಅಲುಗದಂತೆ ಮಾಡಿ, ಮಗುವನ್ನು ಒಂದು ಹೆಜ್ಜೆಯೂ ನಡೆಸದೆ ಮಲಗಿಸಿಡಿ. ಅಂಥ ಮೂರು ಬ್ಯಾಂಡೇಜ್ ಡಿಕ್ಕಿಯೊಳಗಲ್ಲ, ಮುಂದಿನ ಸೀಟಿನ ಕೆಳಗೆ ಇರಲಿ.