ಸಂಪಾದಕರ ಉತ್ತರ: ಹೇಳಿದ್ದನ್ನೆಲ್ಲ ಬರೆದರೆ ಅದು ನೋಟ್ಸ್ ಅಲ್ಲ

ದಾವಣಗೆರೆಯಿಂದ ಮೊದಲ ವರ್ಷದ ಬಿಎಸ್ಸಿ ವಿದ್ಯಾರ್ಥಿನಿಯೊಬ್ಬರು ಪತ್ರ ಬರೆದಿದ್ದಾರೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. “ಲೆಕ್ಚರರ್ ಇಂಗ್ಲಿಷಿನಲ್ಲಿ ತುಂಬಾ ಸ್ಪೀಡಾಗಿ ಹೇಳ್ತಾರೆ. ಬರೆಯೋಕೆ ಹೋದ್ರೆ ಅರ್ಥ ಆಗಲ್ಲ, ಕೇಳೋಕೆ ಕೂತ್ರೆ ಬರೆಯೋಕೆ ಆಗಲ್ಲ. ಗೆಳತಿಯರು ಬೋರ್ಡಿನ ಫೋಟೊ ತಗೊಂಡು ಸುಮ್ನಿರ್ತಾರೆ. ಪಿಡಿಎಫ್ ಹೇಗೂ ವಾಟ್ಸಾಪ್ ಗ್ರೂಪಿಗೆ ಬರುತ್ತೆ. ಆದ್ರೂ ನಾನು ನೋಟ್ಸ್ ಬರೀಬೇಕಾ?” ಅಂತ ಕೇಳಿದ್ದಾರೆ.

ಬರೀಬೇಕು. ಖಂಡಿತ ಬರೀಬೇಕು.

ಫೋಟೊ ಬೇಡವೇ ಬೇಡ ಅನ್ನುವುದಿಲ್ಲ. ಕಪ್ಪೆಯ ರಕ್ತನಾಳಗಳ ಚಿತ್ರವನ್ನು ಐದು ನಿಮಿಷದಲ್ಲಿ ಬಿಡಿಸಲು ಯಾರಿಗೂ ಆಗದು. ಜ್ವರ ಬಂದು ಮಲಗಿದ ದಿನ ಗೆಳತಿ ಕಳಿಸಿದ ಫೋಟೊ ಕೈ ಹಿಡಿಯುತ್ತದೆ. ಅಲ್ಲಿಗೆ ಅದರ ಉಪಕಾರ ಮುಗಿಯಿತು. ಫೋನಿನಲ್ಲಿರುವ ಬೋರ್ಡಿನ ಫೋಟೊಗಳಲ್ಲಿ ಎಷ್ಟನ್ನು ಮತ್ತೆ ತೆರೆದು ನೋಡಿದ್ದೀರಿ? ಎದೆ ಮುಟ್ಟಿಕೊಂಡು ಹೇಳಿ.

2014ರಲ್ಲಿ ಅಮೆರಿಕದ ಸಂಶೋಧಕರಾದ ಪಾಮ್ ಮುಲ್ಲರ್ ಮತ್ತು ಡೇನಿಯಲ್ ಒಪೆನ್‌ಹೈಮರ್ ನೋಟ್ಸ್ ಟೈಪ್ ಮಾಡಿದರೆ ಒಳ್ಳೆಯದೋ, ಕೈಯಲ್ಲಿ ಬರೆದರೆ ಒಳ್ಳೆಯದೋ ಅಂತ ಪರೀಕ್ಷೆ ಮಾಡಿ ನೋಡಿದರು. ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದ ವಿದ್ಯಾರ್ಥಿಗಳು ಜಾಸ್ತಿ ಪದ ಬರೆದುಕೊಂಡಿದ್ದರು, ಅದೂ ಹೇಳಿದ್ದನ್ನು ಹೇಳಿದ ಹಾಗೇ. ಆದರೆ ವಿಷಯ ತಿಳಿದು ಉತ್ತರಿಸಬೇಕಾದ ಪ್ರಶ್ನೆಗಳಲ್ಲಿ ಕೈಯಲ್ಲಿ ಬರೆದವರೇ ಮುಂದಿದ್ದರು. ಆಮೇಲೆ ಬೇರೆಯವರು ಅದನ್ನೇ ಮತ್ತೆ ಮಾಡಿದಾಗ ಅಷ್ಟು ಅಂತರ ಕಾಣಲಿಲ್ಲ, ಅದೂ ನಿಜ. ನನ್ನ ತಕರಾರು ಯಂತ್ರದ ಮೇಲಲ್ಲ, ‘ಹೇಳಿದ ಹಾಗೇ’ ಅನ್ನುವುದರ ಮೇಲೆ.

ಯಾಕೆಂದರೆ ನಾನು ಹಾಗೇ ಬರೆದವನು. ನಮ್ಮ ಲೆಕ್ಚರರ್ ಒಬ್ಬರು ಹಳದಿಗಟ್ಟಿದ ನೋಟ್‌ಬುಕ್ ತೆರೆದು ‘ಫುಲ್‌ಸ್ಟಾಪ್, ನೆಕ್ಸ್ಟ್ ಪ್ಯಾರಾ’ ಅನ್ನುತ್ತಾ ಹೇಳಿ ಬರೆಸುತ್ತಿದ್ದರು. ಇನ್ನೂರು ಪುಟದ ಎರಡು ಲಾಂಗ್‌ಬುಕ್ ತುಂಬಿಸಿದೆ. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಕೊಂಚ ತಿರುಗಿಸಿ ಕೇಳಿದ್ದರು. ಅರ್ಧ ಗಂಟೆ ಬರೀ ಸೀಲಿಂಗ್ ಫ್ಯಾನ್ ನೋಡುತ್ತಾ ಕೂತಿದ್ದೆ. ಆ ಎರಡು ಪುಸ್ತಕದಲ್ಲಿ ನನ್ನದು ಅನ್ನುವ ಒಂದು ವಾಕ್ಯವೂ ಇರಲಿಲ್ಲ.

ದೊಡ್ಡ ವಿಜ್ಞಾನಿಯಾದ ಮೈಕೆಲ್ ಫ್ಯಾರಡೆಯ ಕತೆ ಗೊತ್ತಲ್ವಾ? ಬಡ ಕಮ್ಮಾರನ ಮಗ, ಶಾಲೆಯಲ್ಲಿ ಕಲಿತದ್ದು ಕಡಿಮೆ, ಲಂಡನ್ನಿನಲ್ಲಿ ಪುಸ್ತಕ ಬೈಂಡ್ ಮಾಡುವ ಕೆಲಸ. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ ಹಿಡಿದು ವಿಜ್ಞಾನಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸ ಕೇಳಿದ. ಅಲ್ಲಿ ಗೀಚಿಕೊಂಡದ್ದನ್ನು ಮನೆಗೆ ಬಂದು ಬಿಡಿಸಿ ಬರೆದ, ಚಿತ್ರ ಹಾಕಿದ, ತಾನೇ ಬೈಂಡ್ ಮಾಡಿದ. ಸುಮಾರು 300 ಪುಟ. ಅದನ್ನು ಡೇವಿಗೇ ಕಳಿಸಿದ. ಮರುವರ್ಷ, ಡೇವಿ ಇದ್ದ ವಿಜ್ಞಾನ ಸಂಸ್ಥೆಯಾದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವನಿಗೆ ಕೆಲಸ ಸಿಕ್ಕಿತು. ನಾಲ್ಕು ಉಪನ್ಯಾಸಕ್ಕೆ 300 ಪುಟ! ಡೇವಿ ನುಡಿದ ಮಾತಷ್ಟನ್ನೇ ಇಳಿಸಿಕೊಂಡಿದ್ದರೆ ಅಷ್ಟು ಪುಟ ಎಲ್ಲಿಂದ ಬರಬೇಕು?

ಇನ್ನು ನೀವು ಮಾಡಬೇಕಾದ್ದು. ಕ್ಲಾಸಿನಲ್ಲಿ ಪೂರ್ತಿ ವಾಕ್ಯ ಬರೆಯಬೇಡಿ. ಮುಖ್ಯ ಪದ, ಬಾಣದ ಗುರುತು, ಸೂತ್ರ, ಅಷ್ಟೇ ಸಾಕು. ಪುಟದ ಎಡಗಡೆ ನಾಲ್ಕು ಬೆರಳು ಅಗಲ ಖಾಲಿ ಬಿಡಿ, ಕೆಳಗೂ ನಾಲ್ಕು ಸಾಲು ಬಿಡಿ. ಅದೇ ದಿನ ರಾತ್ರಿ, ಮಲಗುವ ಮುಂಚೆ, ಎಡಗಡೆ ಪ್ರಶ್ನೆ ಬರೆಯಿರಿ. ಕೆಳಗೆ ಇಡೀ ಪುಟದ ಸಾರವನ್ನು ಎರಡು ಮಾತಿನಲ್ಲಿ ಬರೆಯಿರಿ. ಆಮೇಲೆ ಪುಟದ ಬಲಗಡೆಯನ್ನು ಕೈಯಿಂದ ಮುಚ್ಚಿ, ಎಡಗಡೆಯ ಪ್ರಶ್ನೆ ನೋಡಿ ಉತ್ತರ ಹೇಳಿಕೊಳ್ಳಿ. ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ 1950ರ ದಶಕದಲ್ಲಿ ರೂಪಿಸಿದ ಕ್ರಮ ಇದು. ಖರ್ಚು ಏನೂ ಇಲ್ಲ, ಒಂದು ಸ್ಕೇಲು ಪೆನ್ಸಿಲ್ ಸಾಕು.

ಮತ್ತೆ, ಎಡಗಡೆ ಕನ್ನಡದಲ್ಲಿ ಬರೆಯಿರಿ. ಇಂಗ್ಲಿಷ್ ಪದ ಹಾಗೇ ಇರಲಿ, ಅದರ ಅರ್ಥ ನಿಮಗೆ ಯಾವ ಮಾತಿನಲ್ಲಿ ಹೊಳೆಯಿತೋ ಆ ಮಾತಿನಲ್ಲೇ ಬರಲಿ. ಇದನ್ನು ಹೇಳುವವರು ಇಲ್ಲದೆಯೇ ನಮ್ಮ ಎಷ್ಟು ಮಕ್ಕಳು ವಿಜ್ಞಾನ ಬಿಟ್ಟು ಹೋದರೋ. ಅದು ನೆನಪಾದರೆ ಹೊಟ್ಟೆ ಉರಿಯುತ್ತದೆ. ತಪ್ಪು ಮಕ್ಕಳದ್ದಲ್ಲ. ಒಂದನೇ ಕ್ಲಾಸಿನಿಂದ ನಾವು ಅವರಿಗೆ ಹೇಳಿಕೊಂಡು ಬಂದದ್ದು ‘ನೋಟ್ಸ್ ಕಂಪ್ಲೀಟ್ ಮಾಡು’ ಅಂತ ಮಾತ್ರ. ಬೋರ್ಡ್ ಮೇಲಿದ್ದದ್ದು ಪುಸ್ತಕಕ್ಕೆ ಬಂತೋ, ಕೆಂಪು ಪೆನ್ನಿನ ರೈಟ್ ಗುರುತು ಬಿತ್ತು. ಮಗು ತನ್ನ ಮಾತು ಒಂದು ಸಾಲು ಸೇರಿಸಿದರೆ ಅದಕ್ಕೆ ಅಡ್ಡಗೆರೆ. ಡಿಗ್ರಿಗೆ ಬಂದಮೇಲೂ ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಯಾರದೋ ನೋಟ್ಸಿಗೆ ಕ್ಯೂ. ಇಷ್ಟು ವರ್ಷ ಓದಿಯೂ ಸ್ವಂತ ವಾಕ್ಯ ಬರೆಯಲು ಹೆದರುವವರನ್ನು ಈ ಪತ್ರಿಕೆಗೆ ಕೆಲಸ ಕೇಳಿಕೊಂಡು ಬರುವವರಲ್ಲೂ ನೋಡುತ್ತೇನೆ. ಬುದ್ಧಿಗೆ ಕೊರತೆ ಇಲ್ಲದ ಹುಡುಗರು ಅವರು.

ನೋಡಿ ತಂಗಿ, ಒಂದು ಮಾತು. ನೀವು ಪತ್ರ ಬರೆದದ್ದು ಲಾಂಗ್‌ಬುಕ್ಕಿನಿಂದ ಹರಿದ ಹಾಳೆಯಲ್ಲಿ. ತಿರುಗಿಸಿ ನೋಡಿದೆ, ಬೇಸರ ಮಾಡಿಕೊಳ್ಳಬೇಡಿ. ಹಿಂದೆ ಆಸ್ಮಾಸಿಸ್ ಬಗ್ಗೆ ಇಂಗ್ಲಿಷಿನಲ್ಲಿ ಆರು ಸಾಲು, ಏಳನೆಯದು ಅರ್ಧಕ್ಕೇ ನಿಂತಿದೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ಕನ್ನಡದಲ್ಲಿ, ‘ಉಪ್ಪಿನಕಾಯಿ ನೀರು ಬಿಡೋದು ಇದೇನಾ?’ ಅಂತ ಇದೆ.

ಹೌದು, ಇದೇ. ಉಪ್ಪು ಬೆರೆಸಿಟ್ಟ ಮಾವಿನಕಾಯಿ ಹೋಳು ಬೆಳಗಾಗುವಷ್ಟರಲ್ಲಿ ಸುಕ್ಕಾಗಿ, ಜಾಡಿಯಲ್ಲಿ ನೀರು ನಿಂತಿರುತ್ತದಲ್ಲ, ಒಳಗಿನ ನೀರು ಉಪ್ಪು ಜಾಸ್ತಿ ಇರುವ ಕಡೆಗೆ ಹೊರಟದ್ದು ಅದು. ಆ ಹಾಳೆಯನ್ನು ಈ ಸಂಚಿಕೆಯ ಜೊತೆ ವಾಪಸ್ ಕಳಿಸುತ್ತಿದ್ದೇನೆ. ಪುಸ್ತಕಕ್ಕೆ ಅಂಟಿಸಿಕೊಳ್ಳಿ.