ಗ್ರಂಥಾಲಯದಲ್ಲಿ ಕಾಫಿ ಕುಡಿದರೆ ಏನಾಯ್ತು?

ಪತ್ರ: ಮಗಳ ಮನೆಗೆಂದು ನಾರ್ವೆಗೆ ಹೋಗಿದ್ದೆ. ವೆನ್ನೆಸ್ಲಾ ಎಂಬ ಸಣ್ಣ ಊರಿನ ಗ್ರಂಥಾಲಯ ತೋರಿಸಿದರು. ತಿಮಿಂಗಿಲದ ಹೊಟ್ಟೆ ಹೊಕ್ಕ ಹಾಗಿತ್ತು. ಈ ಕಡೆ ಕಾಫಿ, ಆ ಕಡೆ ಮಕ್ಕಳ ಗಲಾಟೆ. ಅದೇ ದುಡ್ಡಲ್ಲಿ ಎಷ್ಟು ಪುಸ್ತಕ ತರಬಹುದಿತ್ತು!
– ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಮೇಷ್ಟ್ರೇ, ಓದುವವರಿಗೆ ಸದ್ದು ಬೇಡ, ಒಪ್ಪಿದೆ. ಪುಸ್ತಕವೂ ಜಾಸ್ತಿ ಇರಲಿ. ಆದರೆ ಆ ತಿಮಿಂಗಿಲದ ಪಕ್ಕೆಲುಬು ಎಣಿಸಿದಿರಾ? 27 ಇವೆ. ಹೆಲೆನ್ ಅಂಡ್ ಹಾರ್ಡ್ ಎಂಬ ವಾಸ್ತುಶಿಲ್ಪಿಗಳ ಕೆಲಸ, 2011ರಲ್ಲಿ ಮುಗಿದದ್ದು. ಪದರ ಪದರವಾಗಿ ಅಂಟಿಸಿದ ಮರದ ಒಂದೊಂದು ಕಮಾನೂ ಚಾವಣಿ ಹೊತ್ತುಕೊಂಡೇ ಗೋಡೆಗೆ ಇಳಿಯುತ್ತದೆ. ಇಳಿಯುತ್ತಾ ಪುಸ್ತಕದ ಕಪಾಟಾಗುತ್ತದೆ, ಒರಗಿ ಕೂರುವ ಗೂಡಾಗುತ್ತದೆ. ದೀಪ, ಗಾಳಿಯ ಕೊಳವೆ ಎಲ್ಲ ಅದರೊಳಗೇ. ತೊಲೆಗೊಂದು, ಕಪಾಟಿಗೊಂದು, ಬೆಂಚಿಗೊಂದು ಟೆಂಡರ್ ಕರೆಯುವ ನಾವು ಇದನ್ನು ನೋಡಿ ಕಣ್ಣುಜ್ಜಿಕೊಳ್ಳಬೇಕು.

ಇನ್ನು ಗಲಾಟೆ. ವರ್ಷಾನುಗಟ್ಟಲೆ 'ಸುಮ್ನಿರ್ರೋ' ಅಂದವರಿಗೆ ಅದು ಕಿವಿಗೆ ಚುಚ್ಚುತ್ತೆ, ಬಿಡಿ. ನಾರ್ವೆಯಲ್ಲಿ ಪ್ರತಿ ಮುನ್ಸಿಪಾಲಿಟಿಯೂ ಗ್ರಂಥಾಲಯ ನಡೆಸಲೇಬೇಕು. ಪುಸ್ತಕ ಒಯ್ಯಲು ಕಾಸು ಕೇಳುವಂತಿಲ್ಲ. 2014ರಿಂದ ಕಾನೂನಿಗೆ ಇನ್ನೊಂದು ಮಾತು ಸೇರಿತು: ಗ್ರಂಥಾಲಯ ಜನ ಸೇರುವ, ಚರ್ಚೆ ಮಾಡುವ ಜಾಗವೂ ಆಗಿರಬೇಕು. ಅಂದರೆ ನೀವು ಕೇಳಿದ ಗಲಾಟೆ ಕಾನೂನುಬದ್ಧ! ವೆನ್ನೆಸ್ಲಾದವರು ಅದಕ್ಕೆ ಮೂರು ವರ್ಷ ಮುಂಚೆಯೇ ಹಳೆಯ ಸಮುದಾಯ ಭವನವನ್ನೂ ಕಲಿಕಾ ಕೇಂದ್ರವನ್ನೂ ಈ ಕಟ್ಟಡದಿಂದ ಜೋಡಿಸಿಬಿಟ್ಟಿದ್ದರು.

ನೀವು ಕೇಳುವ ನಿಶ್ಶಬ್ದ ನಾನು ಚಿಕ್ಕಂದಿನಲ್ಲೇ ಕಂಡಿದ್ದೇನೆ. ನಮ್ಮೂರ ಗ್ರಂಥಾಲಯದಲ್ಲಿ ಗಾಜಿನ ಬೀರು, ಬೀರುವಿಗೆ ಬೀಗ, ಕೀಲಿ ಒಬ್ಬರ ಸೊಂಟದಲ್ಲಿ. ಬೆರಳು ತೋರಿಸಿದರೆ 'ನಿಂಗ್ಯಾಕೋ ಅದು?' ಅನ್ನುತ್ತಿದ್ದರು. ಗಾಜಿನ ಮೇಲೆ ನನ್ನ ಮೂಗಿನ ಗುರುತು ಬಿಟ್ಟರೆ ಬೇರೇನೂ ಸಾಧಿಸಲಿಲ್ಲ. ಒಳಗೆ ಪುಸ್ತಕ ಬೇಕಾದಷ್ಟಿದ್ದವು, ಸದ್ದೂ ಇರಲಿಲ್ಲ. ಓದುವವರೂ ಇರಲಿಲ್ಲ.

ನಮ್ಮ ರಾಜ್ಯದ 1965ರ ಗ್ರಂಥಾಲಯ ಕಾಯ್ದೆ ಬಂದಾಗಿನಿಂದ ನಾವೂ ಕಂದಾಯದ ಜೊತೆ ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ, ಅಲ್ವಾ? ಆದರೂ ಸಂಜೆ ಇಬ್ಬರು ಸುಮ್ನೆ ಕೂರೋಣ ಅಂದರೆ ಎಲ್ಲಿ? ಹೋಟೆಲಿನಲ್ಲಿ ಲೋಟ ಕೆಳಗಿಡುವಷ್ಟರಲ್ಲಿ ಬಿಲ್ಲು. ದೇವಸ್ಥಾನದ ಜಗಲಿಗೆ ಕಬ್ಬಿಣದ ಸರಳು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿಗೆ ದಾನಿಗಳ ಹೆಸರೇ ಜಾಸ್ತಿ, ನೆರಳು ಕಡಿಮೆ.

ಮತ್ತೆ ಮಗಳ ಮನೆಗೆ ಹೋದಾಗ ಆ ಗೂಡಿನಲ್ಲಿ ಅರ್ಧ ಗಂಟೆ ಕೂತು ಬನ್ನಿ. ಬೆನ್ನಿಗೆ ಹೇಗಿತ್ತು ಅಂತ ಬರೆಯಿರಿ. ಕಾಫಿ ಹೇಗಿತ್ತು ಅನ್ನೋದನ್ನೂ.