ಹುಲಿಯನನ್ನು ಬದುಕಿಸಿದ ನಿಮ್ಮ ಕಥೆಯ ಬಗ್ಗೆ

ಪ್ರಿಯರೇ,

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಕೊನೆಯಲ್ಲಿ ತುಂಬಿದ ತುಂಗೆಯ ಪಾಲಾಗುವ ನಾಯಿ ಹುಲಿಯನನ್ನು ನೀವು ಕೆಳದಂಡೆಯಲ್ಲಿ ಬದುಕಿಸಿ, ಮತ್ತೆ ಅವನ ಒಡೆಯ ನಾಯಿಗುತ್ತಿಯ ಕೈಗೆ ಒಪ್ಪಿಸಿದ್ದೀರಿ. ಆ ಪುಟಗಳನ್ನು ಓದಿ ಅತ್ತವರಿಗೆ ಮಾತ್ರ ಹೀಗೆ ಬರೆಯಬೇಕು ಎನ್ನಿಸುತ್ತದೆ. ಆದರೂ ಇದನ್ನು ನಾವು ಪ್ರಕಟಿಸುವುದಿಲ್ಲ.

ಒಂದು ಕಾರಣ ಕಾನೂನಿನದು. ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅಂದರೆ 2054ರ ಕೊನೆಯವರೆಗೆ. ಹಕ್ಕುದಾರರ ಅನುಮತಿ ಇಲ್ಲದೆ ಅವರ ಪಾತ್ರಗಳ ಮುಂದಿನ ಕಥೆಯನ್ನು ಅಚ್ಚು ಹಾಕಲಾರೆ.

‘ಪಂಪ, ಕುಮಾರವ್ಯಾಸರು ಮಾಡಿದ್ದೂ ಇದನ್ನೇ ಅಲ್ಲವೇ’ ಎಂದು ಪತ್ರದಲ್ಲಿ ಕೇಳಿದ್ದೀರಿ. ಅಲ್ಲ. ಮಹಾಭಾರತದ ಕಥೆ ಅವರ ಕೈಗೆ ಬರುವಾಗಲೇ ನೂರಾರು ನಾಲಿಗೆಗಳ ಮೇಲೆ ಆಡಿತ್ತು. ಗುತ್ತಿ ಒಬ್ಬರೇ ಒಬ್ಬರು ಕಂಡು, ಕೇಳಿ, ಕಡೆದ ಮನುಷ್ಯ. ತಾವು ಕಡೆದದ್ದನ್ನು ಬೇರೆಯವರು ಮುಟ್ಟಿದಾಗ ಲೇಖಕರಿಗೆ ಏನಾಗುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಷರ್ಲಾಕ್ ಹೋಮ್ಸ್‌ನನ್ನು ರಂಗಕ್ಕೆ ತಂದ ನಟ ವಿಲಿಯಂ ಜಿಲೆಟ್, ಅವನಿಗೆ ಮದುವೆ ಮಾಡಿಸಬಹುದೇ ಎಂದು ತಂತಿ ಕಳಿಸಿ ಕೇಳಿದಾಗ, ಮದುವೆಯನ್ನಾದರೂ ಮಾಡಿ, ಕೊಲೆಯನ್ನಾದರೂ ಮಾಡಿ ಎಂದು ಕಾನನ್ ಡಾಯ್ಲ್ ಬಿಟ್ಟುಕೊಟ್ಟರು. ಅಮೆರಿಕದ ಕಾದಂಬರಿಕಾರ ಸ್ಯಾಲಿಂಜರ್ ಮಾತ್ರ ತಮ್ಮ ನಾಯಕನನ್ನು ಮುದುಕನನ್ನಾಗಿ ಮಾಡಿ ಬರೆದ ಪುಸ್ತಕದ ವಿರುದ್ಧ 2009ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ನ್ಯಾಯಾಲಯದ ಮೆಟ್ಟಿಲು ಹತ್ತಿದರು.

ನನ್ನನ್ನು ಹೆಚ್ಚು ಕಾಡುವವನು ಸ್ಪೇನಿನ ಸರ್ವಾಂಟಿಸ್. ಅವನು ‘ಡಾನ್ ಕ್ವಿಕ್ಸೋಟ್’ನ ಎರಡನೆಯ ಭಾಗ ಬರೆಯುತ್ತಿದ್ದಾಗಲೇ, 1614ರಲ್ಲಿ, ಯಾರೋ ಸುಳ್ಳು ಹೆಸರಿನಲ್ಲಿ ತಮ್ಮದೇ ಎರಡನೆಯ ಭಾಗವನ್ನು ಹೊರತಂದರು. ಅದರಲ್ಲಿ ನಾಯಕ ಸರಗೋಸಾಕ್ಕೆ ಹೋಗಿದ್ದ. ಸರ್ವಾಂಟಿಸ್ ತನ್ನ ನಾಯಕನನ್ನು ಆ ಊರಿಗೆ ಕಾಲಿಡಗೊಡದೆ ಬಾರ್ಸಿಲೋನಾಕ್ಕೆ ತಿರುಗಿಸಿದ. ಕೊನೆಗೆ ಇನ್ನಾರೂ ಎಬ್ಬಿಸದಂತೆ ಅವನನ್ನು ಸಾಯಿಸಿಯೇಬಿಟ್ಟ. ಆ ಸಾವಿನ ಹಿಂದೆ ಎಷ್ಟು ನೋವಿತ್ತೋ ಯೋಚಿಸಿ.

ಈಗ ನಿಮ್ಮ ಕಥೆಗೆ ಬರುತ್ತೇನೆ. ಗುತ್ತಿ ಮತ್ತು ಅವನು ಮೆಚ್ಚಿದ ಹುಡುಗಿ ತಿಮ್ಮಿ ಹೊಳೆ ದಾಟಿ ಬಿಡುಗಡೆ ಪಡೆಯುತ್ತಾರೆ. ಅದಕ್ಕೆ ತೆತ್ತ ಬೆಲೆ ಹುಲಿಯ. ನೀವು ಅದನ್ನು ಹಿಂದಕ್ಕೆ ಕೊಟ್ಟುಬಿಟ್ಟಿದ್ದೀರಿ. ಆರನೆಯ ಪುಟದಲ್ಲಿ ಗುತ್ತಿ ‘ನನ್ನ ಜೀವದ ಗೆಳೆಯಾ’ ಎಂದು ಬಿಕ್ಕುತ್ತಾನೆ. ಗುತ್ತಿ ಹಾಗೆ ಮಾತಾಡುವವನೇ ಅಲ್ಲ. ಅಲ್ಲಿ ನನ್ನ ಕಣ್ಣು ಒದ್ದೆಯಾದದ್ದು ನಿಜ, ಆದರೆ ಆ ಕಣ್ಣೀರು ಕುವೆಂಪು ಅವರ ಪುಟಗಳಿಂದ ಬಂದದ್ದು.

ಮೂರನೆಯ ಪುಟದಲ್ಲಿ ಹಾಗಾಗಲಿಲ್ಲ. ಹೊಳೆಯಂಚಿನ ಒಂಟಿ ಹೆಂಗಸು ಆ ನಾಯಿಯನ್ನು ಒಲೆಯ ಪಕ್ಕ ಗೋಣಿತಾಟಿನ ಮೇಲೆ ಮಲಗಿಸುತ್ತಾಳೆ. ಗಂಜಿಯ ತಿಳಿಯಲ್ಲಿ ಸೀರೆಯ ಸೆರಗನ್ನು ಅದ್ದಿ ಬಾಯಿಗೆ ಹಿಂಡುತ್ತಾಳೆ. ನಾಲಿಗೆ ಅಲ್ಲಾಡಿದ್ದನ್ನು ಕಂಡು, ಯಾರೂ ಇಲ್ಲದ ಮನೆಯಲ್ಲಿ ‘ಕುಡೀತು’ ಎಂದು ಗಟ್ಟಿಯಾಗಿ ಹೇಳುತ್ತಾಳೆ. ಯಾರಿಗೆ ಹೇಳಿದಳು? ಆ ಒಂದು ಮಾತಿಗಾಗಿಯೇ ನಾನು ಇಷ್ಟು ಉದ್ದದ ಪತ್ರ ಬರೆಯುತ್ತಿದ್ದೇನೆ. ಅವಳು ಯಾವ ಕಾದಂಬರಿಯಲ್ಲೂ ಇಲ್ಲ. ಅವಳನ್ನು ಕಂಡವರು ನೀವು.

ಗುತ್ತಿಯನ್ನು ತೆಗೆಯಿರಿ. ಹುಲಿಯ ಎಂಬ ಹೆಸರನ್ನೂ ತೆಗೆಯಿರಿ. ಹೊಳೆ ಇರಲಿ, ಯಾರದೋ ನಾಯಿ ಇರಲಿ. ಆ ಹೆಂಗಸಿಗೆ ನೀವು ಹೆಸರಿಡಿ, ನಾಯಿಗೆ ಅವಳೇ ಹೆಸರಿಡಲಿ. ನಾಯಿಯ ಒಡೆಯ ಒಂದು ದಿನ ಹುಡುಕಿಕೊಂಡು ಬಂದರೆ ಅವಳು ಏನು ಮಾಡುತ್ತಾಳೆ ಎಂಬುದನ್ನು ಬರೆದು ಕಳಿಸಿ. ಲಕೋಟೆಯ ಮೇಲೆ ನನ್ನ ಹೆಸರನ್ನೇ ಬರೆಯಿರಿ, ನಾನೇ ಓದುತ್ತೇನೆ.

ಸಂಪಾದಕ